ಅವಳದಲ್ಲದ ಸಹಿ

“ನನ್ನ ಕಣ್ಣೆದುರಿಗೇ ಸಹಿ ಹಾಕ್ಬೇಕು. ಇಲ್ಲಾಂದ್ರೆ ನಾನಿಲ್ಲಿಂದ ಕದಲಲ್ಲ!”

ಕುರ್ಚಿ ಮಡಚುತ್ತಿದ್ದವರು ಕೈ ನಿಲ್ಲಿಸಿ ತಿರುಗಿ ನೋಡಿದರು. ಕಾದಂಬರಿಯ ಬಿಡುಗಡೆ ಮುಗಿದು, ಸಾಲಿನಲ್ಲಿ ನಿಂತಿದ್ದವರೆಲ್ಲ ತಮ್ಮ ತಮ್ಮ ಪ್ರತಿ ಹಿಡಿದು ಹೊರಟಾಗಿತ್ತು. ಉಳಿದವನು ಇವನೊಬ್ಬನೇ. ಎತ್ತರದ ಆಳು, ಮೂಗಿನ ಮೇಲೆ ದಪ್ಪ ಕಟ್ಟಿನ ಕನ್ನಡಕ, ಎದೆಗವುಚಿಕೊಂಡ ಪುಸ್ತಕ.

ಮೇಜಿನ ಈಚೆ ನಿಂತಿದ್ದ ಮರಿಗೆ ಸಿಟ್ಟು ನೆತ್ತಿಗೇರಿತು.

ಮರಿ ಅವಳ ಹೆಸರಲ್ಲ. ಹೆತ್ತವರನ್ನು ಕಳೆದುಕೊಂಡ ಅವಳನ್ನು ಮಡಿಲಿಗೆ ಹಾಕಿಕೊಂಡು ಸಾಕಿದ ದೊಡ್ಡಮ್ಮ ಹಾಗೆ ಕರೆದು ಕರೆದು, ಕೊನೆಗೆ ಕಚೇರಿಯವರ ಬಾಯಲ್ಲೂ ಅದೇ ನಿಂತಿತ್ತು. ಆ ದೊಡ್ಡಮ್ಮನೇ ಈ ಕಾದಂಬರಿಯ ಲೇಖಕಿ, ಓದುಗರ ಪಾಲಿಗೆ ‘ಅಮ್ಮ’. ಅವರ ಪುಸ್ತಕಗಳನ್ನು ಹೊರತರುವ ಪ್ರಕಾಶನದಲ್ಲಿ ಮರಿ ಕರಡು ತಿದ್ದುತ್ತಿದ್ದಳು. ಮನೆಯಲ್ಲಿ ಅವರ ಕೈಗೆ ಕೈಯಾಗಿದ್ದಳು.

“ನೋಡಿ, ಅಮ್ಮನಿಗೆ ಸುಸ್ತಾಗಿದೆ. ಎಲ್ಲರಿಗೂ ಒಳಗಡೆ ಕೂತೇ ಸಹಿ ಹಾಕಿ ಕಳ್ಸಿದಾರೆ. ಪುಸ್ತಕ ಕೊಡಿ, ಹಾಕಿಸ್ಕೊಂಡು ಬರ್ತೀನಿ.”

“ಅದೇ ಬೇಡ ಅಂತಿರೋದು! ಬಾಗಿಲ ಹಿಂದೆ ನೀವು ಏನು ಮಾಡ್ತೀರೋ ಯಾರಿಗ್ಗೊತ್ತು?”

ಮರಿ ಪುಸ್ತಕಕ್ಕೆ ಚಾಚಿದ್ದ ಕೈ ಹಿಂದೆಳೆದುಕೊಂಡಳು.

‘ಇವನಿಗೇನಾದರೂ ಗೊತ್ತಾಗಿದೆಯಾ? ಇಲ್ಲ... ಸುಮ್ಮನೆ ಬಾಯಿಗೆ ಬಂದಿದ್ದು ಅಂದಿದ್ದಾನೆ.’

“ಹಾಗೆ ಅನುಮಾನ ಇದ್ರೆ ಪುಸ್ತಕ ವಾಪಸ್ ತಗೊಂಡು ಹೋಗಿ ಸ್ವಾಮಿ. ಇಲ್ಲಿ ಯಾರೂ ನಿಮ್ಮನ್ನ ಹಿಡ್ಕೊಂಡಿಲ್ಲ!”

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಕನ್ನಡಕವಿಲ್ಲದ ಆ ಕಣ್ಣುಗಳಲ್ಲಿ ಎಷ್ಟೋ ದಿನದ ನಿದ್ದೆಗೇಡಿತ್ತು.

“ತಪ್ಪು ತಿಳ್ಕೋಬೇಡಿ. ನನಗಲ್ಲ ಇದು... ನನ್ನ ತಂಗಿಗೆ. ಆಸ್ಪತ್ರೇಲಿದಾಳೆ. ರಕ್ತದ ಕಾಯಿಲೆ. ಅಮ್ಮ ಸಹಿ ಹಾಕುವಾಗ ಹೇಗೆ ಕೂತಿದ್ರು, ಯಾವ ಪೆನ್ನು, ನಕ್ರಾ ಇಲ್ವಾ... ಎಲ್ಲ ನೋಡ್ಕೊಂಡು ಬಂದು ಹೇಳ್ಬೇಕು ಅಂತ ಅಪ್ಪಣೆ ಆಗಿದೆ.”

ಮರಿಯ ಸಿಟ್ಟು ಜರ್ರನೆ ಇಳಿದುಹೋಯಿತು.

“ಏನು ಹೆಸರು ಬರೀಬೇಕು?”

“ಗುಬ್ಬಿ ಅಂತ. ಮನೇಲಿ ಕರೆಯೋದು ಹಾಗೇ. ಅಮ್ಮನಿಗೆ ಸುಸ್ತು ಅಂದ್ರಲ್ಲ... ನನ್ನ ಬದಲು ನೀವೇ ನೋಡ್ಕೊಂಡು ಬಂದು ಹೇಳಿ.”

ಅವಳು ಪುಸ್ತಕ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಒಳಗೆ ದೊಡ್ಡಮ್ಮ ಕುರ್ಚಿಯಲ್ಲೇ ತಲೆ ವಾಲಿಸಿ ನಿದ್ದೆ ಹೋಗಿದ್ದರು. ಶಾಲಿನ ಕೆಳಗೆ ಅವರ ಬಲಗೈ, ನಿದ್ದೆಯಲ್ಲೂ ಸಣ್ಣಗೆ ಅದುರುತ್ತಿತ್ತು.

ಆ ಕೈ ಪೆನ್ನು ಹಿಡಿದು ಎರಡು ವರ್ಷವಾಗಿತ್ತು. ದೊಡ್ಡಮ್ಮ ಹೇಳುತ್ತಿದ್ದರು, ಮರಿ ಟೈಪ್ ಮಾಡುತ್ತಿದ್ದಳು. ಕಾದಂಬರಿಗೇನೂ ಕುಂದು ಬಂದಿರಲಿಲ್ಲ. ಆದರೆ ಸಹಿ? “ಬರೆಯೋ ಕೈ ಹೋಯ್ತು ಅಂತ ಗೊತ್ತಾದ್ರೆ, ಬರೆಯೋಳೂ ಹೋದಳು ಅಂತಾರೆ ಮರಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಡು” ಎಂದು ದೊಡ್ಡಮ್ಮ ಕೈ ಹಿಡಿದಿದ್ದರು. ಗುಟ್ಟು ಗೊತ್ತಿದ್ದ ಪ್ರಕಾಶಕರಿಗೂ ಹಸ್ತಾಕ್ಷರವಿರುವ ಪ್ರತಿಗಳು ಬೇಕೇ ಬೇಕಿದ್ದವು. ಚಿಕ್ಕಂದಿನಿಂದ ದೊಡ್ಡಮ್ಮನ ಅಕ್ಷರ ನೋಡಿಯೇ ಬರವಣಿಗೆ ಕಲಿತಿದ್ದ ಮರಿಗೆ ಅದೇನೂ ಕಷ್ಟವಾಗಿರಲಿಲ್ಲ.

ಮೊದಮೊದಲು ಅವಳಿಗೆ ಅಳುಕಾಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಎಲ್ಲರಿಗೂ ಹೆಸರು ಬರೆದು, ಕೆಳಗೆ ಸಹಿ ಎಳೆಯುತ್ತಿದ್ದಳು, ಅಷ್ಟೇ. ಆದರೆ ಆ ಹೊತ್ತು ಅವಳಿಗೇನಾಯಿತೋ! ಹೊರಗೆ ನಿಂತವನ ದಣಿದ ಕಣ್ಣುಗಳು ಮನಸ್ಸಿನಲ್ಲಿದ್ದವು. ಪೆನ್ನು ತಾನಾಗಿಯೇ ಓಡಿತು.

‘ಗುಬ್ಬಿಗೆ, ಗೂಡಿನಲ್ಲಿ ಬಹಳ ದಿನ ಕೂರಬೇಡ. ಹಾರಿ ಬಾ. ನಮ್ಮ ಮನೆಯ ಕಿಟಕಿ ನಿನಗಾಗಿ ತೆಗೆದೇ ಇರುತ್ತದೆ.’

ಕೆಳಗೆ ದೊಡ್ಡಮ್ಮನ ಸಹಿ.

ಅವನು ಅದನ್ನು ಅಲ್ಲೇ ನಿಂತು ಓದಿದ. ಮತ್ತೊಮ್ಮೆ ಓದಿದ. ಪುಸ್ತಕ ಮುಚ್ಚಿ ಎದೆಗವುಚಿಕೊಂಡ.

“ನಕ್ರಾ?” ಎಂದು ಕೇಳಿದ, ಮೆಲ್ಲಗೆ.

“ಹ್ಞಾಂ... ನಕ್ಕರು” ಅಂದಳು ಮರಿ.

ಅದು ಗುಬ್ಬಿಗೆಂದು ಅವಳು ಹೇಳಿದ ಮೊದಲ ಸುಳ್ಳು.

*

ಮುಂದಿನ ವಾರ ಅವನು ಕಚೇರಿಗೇ ಬಂದ. ಕರಡಿನ ರಾಶಿಯ ನಡುವೆ ಮುಳುಗಿದ್ದ ಮರಿ ತಲೆಯೆತ್ತಿದರೆ ಅದೇ ದಪ್ಪ ಕಟ್ಟಿನ ಕನ್ನಡಕ!

“ಜಗಳ ಆಡೋಕಲ್ಲ” ಎಂದು ಎರಡೂ ಕೈ ಮೇಲೆತ್ತಿದ. “ತಂಗಿ ಕಳ್ಸಿದಾಳೆ. ಕಾದಂಬರಿ ಓದಿ ಮುಗಿಸಿದಾಳೆ. ಕೊನೇ ಅಧ್ಯಾಯ ಚೆನ್ನಾಗಿಲ್ವಂತೆ. ಅಮ್ಮನಿಗೆ ತಿಳಿಸ್ಬೇಕಂತೆ.”

ಮರಿಗೆ ನಗು ತಡೆಯಲಾಗಲಿಲ್ಲ. “ಏನಂತೆ ದೂರು?”

“ನಾಯಕಿನ ಸುಮ್ಸುಮ್ನೆ ಸಾಯ್ಸಿದಾರಂತೆ. ‘ಸಾಯೋದು ಅಷ್ಟು ಸುಲಭ ಅಲ್ಲ, ನನ್ನ ಕೇಳಲಿ’ ಅಂದ್ಲು.” ಹೇಳುತ್ತಾ ಹೇಳುತ್ತಾ ಅವನ ನಗು ಅರ್ಧದಲ್ಲೇ ಆರಿಹೋಯಿತು.

ಅವನಿಗೆ ಪೇಟೆ ಬೀದಿಯ ತಿರುವಿನಲ್ಲಿ ಕನ್ನಡಕದ ಅಂಗಡಿಯಿತ್ತು. ಅಪ್ಪ ಅಮ್ಮ ಇಲ್ಲದ ಮನೆ. ಅಣ್ಣ, ತಂಗಿ ಇಬ್ಬರೇ. ಬೆಳಗ್ಗೆ ಅಂಗಡಿ, ಮಧ್ಯಾಹ್ನ ಆಸ್ಪತ್ರೆ, ಸಂಜೆ ಮತ್ತೆ ಅಂಗಡಿ. ಮರಿ ಮನಸ್ಸಿನಲ್ಲೇ ಅವನಿಗೆ ‘ಕನ್ನಡಕ’ ಎಂದು ಹೆಸರಿಟ್ಟಳು. ಸ್ವಲ್ಪ ದಿನಕ್ಕೆ ಅದು ಬಾಯಿಗೂ ಬಂತು.

ಅವಳು ಆಸ್ಪತ್ರೆಗೆ ಹೋಗತೊಡಗಿದಳು. ಗುಬ್ಬಿ ಹೆಸರಿಗೆ ತಕ್ಕ ಹಾಗೆ ಹಿಡಿಯಷ್ಟೇ ಇದ್ದಳು. ಕೂದಲು ಉದುರಿದ ತಲೆಗೆ ಹಳದಿ ಟೋಪಿ, ಮೊಣಕೈಯಲ್ಲಿ ಸೂಜಿ, ಬಾಯಿ ಮಾತ್ರ ಕತ್ತರಿ.

“ಬನ್ನಿ ಬನ್ನಿ! ನೀವು ಬರ್ತೀರಾ ಅಂತ ಗೊತ್ತಾದ್ರೆ ನಮ್ಮಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕ್ತಾನೆ. ನನ್ನೊಬ್ಬಳನ್ನೇ ನೋಡೋಕೆ ಬರುವಾಗ ಯಾಕೋ ಇಸ್ತ್ರಿಪೆಟ್ಟಿಗೆ ಕೆಟ್ಟಿರತ್ತೆ.”

“ಗುಬ್ಬಿ!” ಎಂದು ಅಣ್ಣ ಗದರಿದ. ಕಿವಿ ಕೆಂಪಾಗಿತ್ತು.

ಮರಿ ಕಿಟಕಿಯ ಕಡೆ ನೋಡುತ್ತಾ ನಗು ಮುಚ್ಚಿಕೊಂಡಳು. ಅವಳ ಬದುಕಿನಲ್ಲಿ ಯಾರೂ ಅವಳಿಗೋಸ್ಕರ ಅಂಗಿಗೆ ಇಸ್ತ್ರಿ ಹಾಕಿರಲಿಲ್ಲ...

ಪುಸ್ತಕ ಸದಾ ಗುಬ್ಬಿಯ ದಿಂಬಿನ ಪಕ್ಕದಲ್ಲೇ ಇರುತ್ತಿತ್ತು. ನೋವು ಹೆಚ್ಚಾದಾಗ ಅವಳು ಮೊದಲ ಪುಟ ತೆರೆದು, ಆ ಸಾಲುಗಳ ಮೇಲೆ ಬೆರಳಾಡಿಸುತ್ತಿದ್ದಳು.

“ಅಕ್ಕಾ, ಇವರು ಇಷ್ಟೊಂದು ಜನಕ್ಕೆ ಬರೀತಾರೆ. ನನಗೆ ಮಾತ್ರ ಮನೆಗೆ ಬಾ ಅಂತ ಬರೆದಿದ್ದಾರೆ ಅಲ್ವಾ? ಬೇರೆ ಯಾರಿಗೂ ಹಾಗೆ ಬರೆದಿಲ್ಲ ತಾನೇ?”

“ಇಲ್ಲ, ನಿಂಗೊಬ್ಬಳಿಗೇ” ಅಂದಳು ಮರಿ. ಅದೊಂದು ಮಾತ್ರ ನಿಜವಾಗಿತ್ತು.

“ಹಾಗಾದ್ರೆ ಒಂದ್ಸಲ ಕರ್ಕೊಂಡು ಬನ್ನಿ ಅವರನ್ನ. ಇಲ್ಲಾ, ನಾನೇ ಬರ್ತೀನಿ. ಸಹಿ ಏನೂ ಬೇಡ ಇನ್ನು. ಸುಮ್ನೆ ಎದುರಿಗೆ ಕೂತು ಮಾತಾಡ್ಬೇಕು. ಆ ಕೊನೇ ಅಧ್ಯಾಯದ ವಿಷಯ ಇತ್ಯರ್ಥ ಆಗ್ಲೇಬೇಕು!”

ಮರಿ ಹೊದಿಕೆಯ ಅಂಚು ಸರಿಪಡಿಸುತ್ತಾ ಕಣ್ಣು ತಪ್ಪಿಸಿದಳು.

“ಅಮ್ಮ ಹೊಸ ಕಾದಂಬರಿ ಬರೀತಿದಾರೆ... ಈಗ ಯಾರನ್ನೂ ನೋಡಲ್ಲ. ಮುಗೀಲಿ, ಕರ್ಕೊಂಡು ಬರ್ತೀನಿ.”

ಇನ್ನೊಂದು ಸಲ ‘ಅಮ್ಮನಿಗೆ ನೆಗಡಿ’ ಅಂದಳು. ಮತ್ತೊಂದು ಸಲ ‘ಪ್ರಯಾಣ’. ಪ್ರತಿ ಸುಳ್ಳನ್ನೂ ಗುಬ್ಬಿ ತಲೆಯಾಡಿಸಿ ನಂಬುತ್ತಿದ್ದಳು. ಅದೇ ಮರಿಯನ್ನು ಒಳಗೊಳಗೇ ಕೊರೆಯುತ್ತಿತ್ತು.

‘ದೊಡ್ಡಮ್ಮನಿಗೆ ಹೇಳಿಬಿಡಲಾ? ಹೇಳಿದರೆ, ಅವರಿಗೆ ಗೊತ್ತಿಲ್ಲದೆ ಮನೆಗೆ ಬಾ ಅಂತ ಬರೆದದ್ದೂ ಹೊರಗೆ ಬರುತ್ತದೆ. ಗುಬ್ಬಿ ಆ ಕೈ ನೋಡುತ್ತಾಳೆ. ಇವನೂ ನೋಡುತ್ತಾನೆ. ಆಮೇಲೆ ನನ್ನ ಮುಖ ನೋಡುತ್ತಾನಾ?’

ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಒಂದು ಸಂಜೆ ಅವಳ ಕೈ ಹಿಡಿದಿದ್ದ. ಕಾಗದದ ಲೋಟದಲ್ಲಿ ಚಹಾ ಆರುವವರೆಗೂ ಹಿಡಿದೇ ಇದ್ದ. ಆ ಕೈ ಬಿಟ್ಟುಹೋಗುತ್ತದೆ ಎಂಬ ಭಯವೇ ಅವಳ ಬಾಯಿಗೆ ಬೀಗ ಹಾಕಿತು.

*

ಆ ಮಧ್ಯಾಹ್ನ ಫೋನು ಬಂದಾಗ ಮರಿ ಮನೆಯಲ್ಲೇ ಇದ್ದಳು.

“ಮರಿ! ಡಾಕ್ಟರು ಇವತ್ತು ಸಂಜೆವರೆಗೆ ಹೊರಗೆ ಕರ್ಕೊಂಡು ಹೋಗಿ ಅಂತ ಒಪ್ಪಿದಾರೆ!” ಅವನ ದನಿಯಲ್ಲಿ ಎಂದೂ ಇಲ್ಲದ ಹುರುಪು. “ಎಲ್ಲಿಗೆ ಹೋಗೋಣ ಗುಬ್ಬಿ ಅಂದ್ರೆ ಒಂದೇ ಹಟ. ಕಿಟಕಿ ತೆಗೆದಿರೋ ಮನೆಗೆ ಅಂತೆ! ಸ್ನೇಹಿತನ ಕಾರು ತಂದಿದೀನಿ. ಹೊರಟೇಬಿಟ್ವಿ. ಅಮ್ಮ ಇದಾರೆ ತಾನೇ?”

ಹಿಂದಿನಿಂದ ಗುಬ್ಬಿಯ ತೆಳು ದನಿ ಕೇಳಿತು. “ಹತ್ತು ನಿಮಿಷ ಸಾಕು ಅಂತ ಹೇಳು ಅಣ್ಣ! ಚಹಾನೂ ಬೇಡ!”

ನಡುಮನೆಯಲ್ಲಿ ದೊಡ್ಡಮ್ಮ ಕಿಟಕಿಯ ಪಕ್ಕ ಕೂತು ಮುಂದಿನ ಅಧ್ಯಾಯದ ಮಾತುಗಳನ್ನು ತಮ್ಮಷ್ಟಕ್ಕೆ ಗೊಣಗುತ್ತಿದ್ದರು. ಮಡಿಲಲ್ಲಿ ಆ ಕೈ, ಮೀನಿನಂತೆ ಅದುರುತ್ತಾ...

“ಕನ್ನಡಕಾ... ಅಯ್ಯೋ, ಅಮ್ಮ ಊರಲ್ಲಿಲ್ಲ. ನಿನ್ನೆ ಹೋದರು. ಮುಂದಿನ ವಾರ ಬರ್ತಾರೆ.”

ಆಚೆ ಕಡೆ ಕಾರಿನ ಸದ್ದು ನಿಂತಿತು.

“ಯಾರದು ಮರಿ ಫೋನು?” ಎಂದರು ದೊಡ್ಡಮ್ಮ, ನಡುಮನೆಯಿಂದ.

ಅವಳು ಫೋನಿನ ಮೇಲೆ ಅಂಗೈ ಒತ್ತಿದಳು.

“ಸರಿ ಬಿಡು” ಎಂದ ಅವನು. ಆಮೇಲೆ ತಂಗಿಗೆ ಹೇಳಿದ್ದು ಕೇಳಿಸಿತು. “ಅಮ್ಮ ಊರಲ್ಲಿಲ್ವಂತೆ ಕಣೇ.”

“ಹೋಗ್ಲಿ ಬಿಡು. ಮುಂದಿನ ವಾರ ಹೋಗೋಣ” ಅಂದಳು ಗುಬ್ಬಿ.

ಗುಬ್ಬಿಗೆ ಮುಂದಿನ ವಾರ ಬರಲಿಲ್ಲ.

*

ಅವಳು ಹೋದ ಮೇಲೆ ಅವನು ಅಂಗಡಿ ಮುಚ್ಚಿ ಮನೆಯಲ್ಲಿ ಕೂತ. ಮರಿ ಹೋಗಿ ಪಕ್ಕದಲ್ಲಿ ಕೂರುತ್ತಿದ್ದಳು. ಒಮ್ಮೆ ಅವಳ ಹೆಗಲಿಗೆ ಹಣೆ ಒತ್ತಿ, “ನೀನೊಬ್ಬಳಾದ್ರೂ ಇದ್ದೀಯಲ್ಲ” ಅಂದ.

ಆ ಮಾತು ಅವಳಿಗೆ ಬೆಂಕಿ ತಾಗಿದ ಹಾಗಾಯಿತು. ಈಗಲಾದರೂ ಹೇಳಬೇಕು, ಈಗಲೇ... ಆದರೆ ಅವನ ಕಣ್ಣೀರು ಅವಳ ತೋಳಿನ ಮೇಲಿತ್ತು. ಹೇಗೆ ಹೇಳುವುದು?

ಒಂದು ದಿನ ಮುದ್ರಣಾಲಯದಿಂದ ಮನೆಗೆ ಬಂದಾಗ ಬಾಗಿಲ ಬಳಿ ಪರಿಚಿತ ಚಪ್ಪಲಿ ಕಂಡಿತು.

ಅರೆತೆರೆದ ಬಾಗಿಲಲ್ಲೇ ಮರಿಯ ಕಾಲು ನಿಂತುಹೋಯಿತು.

ಒಳಗೆ ಅವನು ದೊಡ್ಡಮ್ಮನ ಎದುರು, ನೆಲದ ಮೇಲೆ ಕೂತಿದ್ದ. ಕೈಯಲ್ಲಿ ಅದೇ ಪುಸ್ತಕ.

“...ಕೊನೇ ದಿನ ಇದನ್ನ ಕೆನ್ನೆಗೆ ಒತ್ಕೊಂಡೇ ಮಲಗಿದ್ಲು ಅಮ್ಮ. ನೀವು ಇದನ್ನ ಬರೆದ್ರಿ ಅನ್ನೋ ಒಂದೇ ಕಾರಣಕ್ಕೆ ಅಷ್ಟು ದಿನ ತಡ್ಕೊಂಡ್ಲು ಅನ್ಸತ್ತೆ. ಅದಕ್ಕೇ ಥ್ಯಾಂಕ್ಸ್ ಹೇಳೋಣ ಅಂತ ಬಂದೆ. ಇದರ ಕೆಳಗೆ... ಅವಳ ನೆನಪಿಗೆ ಇನ್ನೊಂದೇ ಒಂದು ಸಾಲು ಬರೆದುಕೊಡಿ. ಬೇರೇನೂ ಕೇಳಲ್ಲ.”

ಅವನು ತನ್ನ ಪೆನ್ನು ಮುಂದೆ ಹಿಡಿದ.

ದೊಡ್ಡಮ್ಮ ಪುಸ್ತಕವನ್ನೇ ನೋಡುತ್ತಿದ್ದರು. ತಾವೆಂದೂ ಬರೆಯದ ಸಾಲುಗಳನ್ನು, ತಮ್ಮದೇ ಅಕ್ಷರದಲ್ಲಿ. ನಿಧಾನವಾಗಿ ಶಾಲಿನೊಳಗಿಂದ ಬಲಗೈ ಹೊರತೆಗೆದರು. ಪೆನ್ನು ಬೆರಳುಗಳ ನಡುವೆ ಒಂದು ಕ್ಷಣ ಕುಣಿಯಿತು. ಕಾಗದದ ಮೇಲೆ ಸೊಟ್ಟ ಗೆರೆಯೊಂದು ಬಿತ್ತು. ಪೆನ್ನು ಉರುಳಿ ಅವನ ಮೊಣಕಾಲ ಬಳಿ ನಿಂತಿತು.

“ನಾನು ಪೆನ್ನು ಹಿಡಿಯೋದು ಬಿಟ್ಟು ಎರಡು ವರ್ಷದ ಮೇಲಾಯ್ತಪ್ಪ” ಎಂದರು ಅವರು.

ಅವನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳಲು ಮನಸ್ಸು ಒಪ್ಪಲಿಲ್ಲ.

“ಆದ್ರೆ... ನಾವು ಅವತ್ತು ಬರೋಣ ಅಂತ ಹೊರಟಿದ್ವಿ. ನೀವು ಊರಿಗೆ ಹೋಗಿದ್ರಂತೆ...”

“ಊರಿಗಾ? ನಾನು ಸಭೆಗೆ ಬಿಟ್ಟರೆ ಈ ಮನೆಯಿಂದ ಎಲ್ಲಿಗೂ ಹೋಗಿಲ್ವಲ್ಲ ಮಗಾ!”

ಆಗ ಅವನು ತಿರುಗಿ ನೋಡಿದ. ಬಾಗಿಲಲ್ಲಿ ಮರಿ ನಿಂತಿದ್ದಳು.

ಕೇಳುವುದು ಏನೂ ಉಳಿದಿರಲಿಲ್ಲ. ಅವನು ಎದ್ದು, ಅವಳನ್ನು ದಾಟಿ ಹೊರಗೆ ನಡೆದ. ಚಪ್ಪಲಿ ಮೆಟ್ಟುವಾಗ ಕಾಲು ತಡಬಡಿಸಿತು.

“ಕೇಳು... ಒಂದೇ ಒಂದು ನಿಮಿಷ!” ಅವಳು ಮೆಟ್ಟಿಲ ತಿರುವಿನಲ್ಲಿ ಅವನ ತೋಳು ಹಿಡಿದಳು.

“ನೀನು ಬರೆದಿದ್ದಾ?”

“ಹೌದು.”

“ಎಲ್ಲನೂ? ಆ ಕಿಟಕಿ... ಹಾರಿ ಬಾ... ಎಲ್ಲ?”

“ನಾನೇ. ಅವತ್ತು ನಿನ್ನ ಮುಖ ನೋಡಿ... ನಾಲ್ಕು ಒಳ್ಳೆ ಮಾತು ಬರೆಯೋಣ ಅನ್ನಿಸ್ತು. ಮೋಸ ಮಾಡ್ಬೇಕು ಅಂತಲ್ಲ!”

“ಅಕ್ಷರ ಯಾರದ್ದಾದ್ರೆ ಏನು! ಅದನ್ನ ನುಂಗ್ಕೊಂಡುಬಿಡ್ತಿದ್ದೆ.” ಅವನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ. “ಅವತ್ತು ಫೋನಲ್ಲಿ ಊರಲ್ಲಿಲ್ಲ ಅಂದ್ಯಲ್ಲ. ಇವರು ಇಲ್ಲೇ ಕೂತಿದ್ರು. ಅವಳು ಕಾರಲ್ಲಿ ಕೂತಿದ್ಲು, ಟೋಪಿ ಸರಿ ಮಾಡ್ಕೊಂಡು. ಎರಡು ಬೀದಿ ದೂರದಲ್ಲಿದ್ವಿ ಮರಿ. ಎರಡೇ ಬೀದಿ!”

“ನನಗೆ ಭಯ ಆಯ್ತು...”

“ಯಾವುದಕ್ಕೆ?”

“ನಿನ್ನ ಕಳ್ಕೊಂಡುಬಿಡ್ತೀನಿ ಅಂತ.”

ಅವನು ನಕ್ಕ. ಆ ನಗುವನ್ನು ಮರಿ ಜನ್ಮದಲ್ಲಿ ಮರೆಯುವಂತಿರಲಿಲ್ಲ.

“ಹಾಗಾದ್ರೆ ನನ್ನ ಉಳಿಸ್ಕೊಳ್ಳೋಕೆ ಅವಳ ಕೊನೇ ಆಸೆ ತಗೊಂಡೆ. ಅಲ್ವಾ?”

ತೋಳು ಬಿಡಿಸಿಕೊಂಡು ಇಳಿದು ಹೋದ. ಅವಳು ಕರೆಯಲಿಲ್ಲ. ಏನೆಂದು ಕರೆಯುವುದು?

*

“ನನ್ನ ಒಂದು ಮಾತು ಕೇಳ್ಬಾರದಿತ್ತಾ?” ದೊಡ್ಡಮ್ಮ ಗುಡುಗಿದರು.

“ಕೇಳಿದ್ರೆ ಆ ಹುಡುಗಿ ಎದುರಿಗೆ ಕೂರ್ತಿದ್ರಾ? ಕೈ ಹೊರಗಿಟ್ಟು?” ಮರಿಯೂ ಮೊದಲ ಬಾರಿಗೆ ದನಿ ಏರಿಸಿದಳು. “ಯಾರಿಗೂ ಹೇಳಲ್ಲ ಅಂತ ಮಾತು ತಗೊಂಡೋರು ನೀವೇ ಅಲ್ವಾ!”

ದೊಡ್ಡಮ್ಮ ಅದುರುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು.

“ಗೊತ್ತಿಲ್ಲ ಮರಿ. ಬರ್ತಿದ್ದೆ ಅಂತ ಹೇಳಿದ್ರೆ ನಿನಗೆ ಇನ್ನಷ್ಟು ಉರಿಯತ್ತೆ. ಇಲ್ಲ ಅಂದ್ರೆ ನನಗೇ ನನ್ನ ಮುಖ ನೋಡ್ಕೊಳ್ಳೋಕಾಗಲ್ಲ.”

ಕೆಲವು ತಿಂಗಳಿಗೆ ಹೊಸ ಕಾದಂಬರಿ ಮುಗಿಯಿತು. ಪ್ರತಿಗಳಿಗೆ ಸೇರಿಸಬೇಕಾದ ಮೊದಲ ಪುಟಗಳ ಕಟ್ಟು ಸಹಿಗಾಗಿ ಮನೆಗೆ ಬಂದಿತ್ತು. ಮರಿ ಅದರ ದಾರ ಬಿಚ್ಚಲೇ ಇಲ್ಲ.

ಪ್ರಕಾಶಕರು ಅವಳನ್ನು ತಮ್ಮ ಕೋಣೆಗೆ ಕರೆಸಿದರು.

“ಏನಮ್ಮಾ ಇದು ಹೊಸ ವರಸೆ? ಓದುಗರಿಗೆ ಅಮ್ಮನ ಸಹಿ ಬೇಕು. ನೀನು ಹಾಕ್ತೀಯ, ಅವರು ಖುಷಿ ಪಡ್ತಾರೆ. ಇದರಲ್ಲಿ ಯಾರಿಗೆ ಏನು ನಷ್ಟ ಆಯ್ತು ಹೇಳು?”

ಮರಿ ಅವರನ್ನು ಸುಮ್ಮನೆ ನೋಡಿದಳು. ಹಳದಿ ಟೋಪಿಯೊಂದು ಕಣ್ಣ ಮುಂದೆ ಬಂತು.

“ನಾನು ಹಾಕಲ್ಲ ಸರ್.”

“ಹಾಗಾದ್ರೆ ನಾಳೆಯಿಂದ ಬರೋದೂ ಬೇಡ.”

“ಸರಿ.”

ಕಚೇರಿಯಿಂದ ಹೊರಬರುವಾಗ ಅವಳಿಗೆ ಹಗುರವೇನೂ ಅನಿಸಲಿಲ್ಲ. ಇಷ್ಟು ಸುಲಭವಾಗಿ ಬಾಯಿಂದ ಬಂದ ‘ಇಲ್ಲ’ ಮೊದಲ ಸಹಿ ಹಾಕಿದಾಗ ಎಲ್ಲಿ ಸತ್ತಿತ್ತು ಎಂದು ತನ್ನ ಮೇಲೇ ಅಸಹ್ಯವಾಯಿತು.

ಬಿಡುಗಡೆಯ ದಿನ ದೊಡ್ಡಮ್ಮ ಶಾಲು ಹೊದೆಯದೆ ವೇದಿಕೆ ಹತ್ತಿದರು. ಭಾಷಣದ ಸರದಿ ಬಂದಾಗ ಬಲಗೈಯನ್ನು ಮೇಜಿನ ಮೇಲಿಟ್ಟರು. ಮೈಕಿನಲ್ಲಿ ಮರದ ಮೇಲೆ ಬೆರಳು ಬಡಿಯುವ ಟಕಟಕ ಸದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು.

“ಇದು ನನ್ನ ಕೈ” ಎಂದರು. “ಎರಡು ವರ್ಷಕ್ಕಿಂತ ಹೆಚ್ಚು ಕಾಲದಿಂದ ನೀವು ಮನೆಗೆ ತಗೊಂಡು ಹೋಗಿರೋ ಯಾವ ಸಹಿಯೂ ಇದರದ್ದಲ್ಲ. ಹಾಕಿದ್ದು ನನ್ನ ತಂಗಿ ಮಗಳು. ಹಾಕಿಸಿದ್ದು ನಾನು. ನನ್ನ ಜಂಭ.”

ಸಭೆ ಗುಜುಗುಟ್ಟಿತು. ಕೆಲವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೆಲವರು ತಟ್ಟಲಿಲ್ಲ. ಹಿರಿಯ ಹೆಂಗಸೊಬ್ಬರು ಮುಂದೆ ಬಂದು, ಚೀಲದಿಂದ ಹಳೆಯ ಪ್ರತಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

“ಇದನ್ನ ಗಾಜಿನ ಕಪಾಟಲ್ಲಿ ಇಟ್ಟಿದ್ದೆ ಕಣಮ್ಮ. ಬಂದೋರಿಗೆಲ್ಲ ತೋರಿಸ್ತಿದ್ದೆ. ಇನ್ನು ಏನಂತ ತೋರಿಸ್ಲಿ?”

ದೊಡ್ಡಮ್ಮ ತಲೆ ತಗ್ಗಿಸಿದರು. ಆ ಹೆಂಗಸು ಪುಸ್ತಕ ಬಿಟ್ಟು ನಡೆದುಬಿಟ್ಟರು.

ಮರಿ ಗೋಡೆಗೊರಗಿ ನಿಂತು ಬಾಗಿಲನ್ನೇ ನೋಡುತ್ತಿದ್ದಳು. ಅವನು ಬರುತ್ತಾನೇನೋ... ಇಲ್ಲ, ಬರಲಿಲ್ಲ.

“ನಡಿ” ಎಂದರು ದೊಡ್ಡಮ್ಮ ಮರುದಿನ ಬೆಳಗ್ಗೆ. “ಆ ಹುಡುಗನ ಅಂಗಡಿ ಎಲ್ಲಿದೆ ತೋರಿಸು.”

“ನನ್ನ ಮುಖ ನೋಡಲ್ಲ ದೊಡ್ಡಮ್ಮ ಅವನು.”

“ನಿನ್ನ ಮುಖ ತೋರಿಸೋಕೆ ಹೋಗ್ತಿಲ್ಲ. ಆ ಹುಡುಗಿ ವಿಷಯ ಕೇಳೋಕೆ ಹೋಗ್ತಿದ್ದೀನಿ. ಬದುಕಿದ್ದಾಗ ಕೇಳ್ಬೇಕಿತ್ತು... ಈಗಾದ್ರೂ ಕೇಳ್ಬೇಕು.”

*

ಅಂಗಡಿ ತೆರೆದಿತ್ತು. ಗೋಡೆಯ ತುಂಬ ಖಾಲಿ ಕನ್ನಡಕಗಳು. ಅವನು ಸಣ್ಣ ಸ್ಕ್ರೂ ಒಂದನ್ನು ತಿರುಗಿಸುತ್ತಾ ಕೂತಿದ್ದ. ಗಡ್ಡ ಬೆಳೆದಿತ್ತು. ಅಂಗಿಗೆ ಇಸ್ತ್ರಿಯಿರಲಿಲ್ಲ.

ಮರಿ ಹೊಸ್ತಿಲಲ್ಲೇ ನಿಂತಳು. ದೊಡ್ಡಮ್ಮ ಒಳಗೆ ಹೋಗಿ, ಗಿರಾಕಿಗಳ ಕುರ್ಚಿಯಲ್ಲಿ ಕೂತರು.

“ನಿನ್ನ ತಂಗಿ ಬಗ್ಗೆ ಹೇಳಪ್ಪ.”

“ಈಗ ಯಾಕಮ್ಮ? ಮುಂದಿನ ಕಾದಂಬರಿಗಾ?”

ಏಟು ಸರಿಯಾಗಿಯೇ ಬಿತ್ತು. ದೊಡ್ಡಮ್ಮ ಅದನ್ನು ಸುಮ್ಮನೆ ತೆಗೆದುಕೊಂಡರು.

“ಅಲ್ಲ. ನನ್ನ ಹೆಸರಿನಲ್ಲಿ ಅವಳನ್ನ ಮನೆಗೆ ಕರೆದಿದ್ದಾರೆ. ಕರೆದಿದ್ದು ನಾನಲ್ಲ, ಒಪ್ತೀನಿ. ಆದ್ರೆ ಅವಳು ಹೊರಟಿದ್ದು ನನ್ನನ್ನೇ ನೋಡೋಕೆ. ಯಾರು ಬರ್ತಿದ್ರು ಅಂತನಾದ್ರೂ ನನಗೆ ಗೊತ್ತಾಗ್ಬೇಡ್ವಾ?”

ಅವನು ಸ್ಕ್ರೂವನ್ನು ಮೇಜಿನ ಮೇಲಿಟ್ಟ. ಆಮೇಲೆ ಮೆಲ್ಲಗೆ ಶುರು ಮಾಡಿದ. ಗುಬ್ಬಿ ಶಾಲೆಯಲ್ಲಿ ಮೇಷ್ಟರ ತಪ್ಪು ತಿದ್ದಿ ಹೊರಗೆ ನಿಂತದ್ದು, ನರ್ಸುಗಳಿಗೆಲ್ಲ ಕಾದಂಬರಿಯ ಪಾತ್ರಗಳ ಹೆಸರಿಟ್ಟದ್ದು...

“ಮತ್ತೆ ಆ ಕೊನೇ ಅಧ್ಯಾಯ?” ದೊಡ್ಡಮ್ಮ ಕೇಳಿದರು. “ಏನೋ ದೂರಿತ್ತು ಅಂದ್ಲು ಮರಿ.”

“ನಾಯಕಿನ ಸುಮ್ನೆ ಸಾಯ್ಸಿದಾರೆ, ಬರೆಯೋಕೆ ಬೇಜಾರಾಗಿರಬೇಕು ಅಂತಿದ್ಲು.”

ದೊಡ್ಡಮ್ಮ ಒಮ್ಮೆಲೇ ನಕ್ಕುಬಿಟ್ಟರು. ನಗುತ್ತಲೇ ಕಣ್ಣು ತುಂಬಿ ಹರಿಯಿತು. “ಬೇಜಾರಾಗಿತ್ತು ಮಗಾ! ನಿಜ ಹೇಳಿದ್ಲು! ಹೇಗೆ ಮುಗಿಸ್ಬೇಕೋ ಗೊತ್ತಾಗದೆ ಸಾಯ್ಸಿಬಿಟ್ಟೆ. ಒಬ್ಬ ವಿಮರ್ಶಕನೂ ಹಿಡಿಯಲಿಲ್ಲ...”

ಅವನೂ ಅತ್ತ. ಅಂಗಡಿಗೆ ಬಂದ ಗಿರಾಕಿಯೊಬ್ಬರು ಬಾಗಿಲಲ್ಲೇ ಹಿಂದೆ ಸರಿದರು.

ಹೊರಡುವಾಗ ದೊಡ್ಡಮ್ಮ ಅವನ ತಲೆಯ ಮೇಲೆ ಅದುರುವ ಕೈಯಿಟ್ಟರು. “ನಾನು ಕಾರಲ್ಲಿ ಕೂತಿರ್ತೀನಿ ಮರಿ” ಎಂದು ಹೊರಗೆ ನಡೆದರು.

ಅಂಗಡಿಯಲ್ಲಿ ಇಬ್ಬರೇ ಉಳಿದರು.

“ಕ್ಷಮೆ ಕೇಳೋಕೆ ಬಂದಿಲ್ಲ” ಎಂದಳು ಮರಿ. “ಕೇಳೋ ಯೋಗ್ಯತೆ ಇಲ್ಲ ನನಗೆ. ಅವರನ್ನ ಬಿಡೋಕೆ ಬಂದೆ, ಅಷ್ಟೇ.”

“ಆ ಪುಸ್ತಕ ಎಸೆಯೋಕೆ ಹೋಗಿದ್ದೆ.” ಅವನು ಅವಳ ಕಡೆ ನೋಡಲಿಲ್ಲ. “ಆಗಲಿಲ್ಲ. ಪುಟದ ತುದಿ ಅವಳ ಬೆರಳು ಆಡಿ ಆಡಿ ಮಾಸಿದೆ. ಬರೆದಿದ್ದು ನೀನು. ಆದ್ರೆ ಓದಿದ್ದು ಅವಳಲ್ವಾ?”

ಮರಿ ಹೊಸ್ತಿಲು ದಾಟಿ ಒಳಗೆ ಬಂದಳು.

“ಅವಳಿಗೆ ಕೊನೆವರೆಗೂ ಗೊತ್ತಾಗಲಿಲ್ಲ. ಅದು ಒಳ್ಳೇದಾಯ್ತೋ ಕೆಟ್ಟದಾಯ್ತೋ ನನಗೆ ತಿಳೀತಿಲ್ಲ ಮರಿ. ದಿನಾ ಬೆಳಗ್ಗೆ ಎದ್ದು ಇದೇ ಯೋಚನೆ. ಒಂದು ದಿನ ನಿನ್ನ ಕೊಲ್ಲೋಷ್ಟು ಸಿಟ್ಟು. ಇನ್ನೊಂದು ದಿನ... ಇದನ್ನೆಲ್ಲ ಯಾರ ಹತ್ರ ಹೇಳ್ಕೊಳ್ಳಲಿ ಅಂತ ನೋಡಿದ್ರೆ, ನೆನಪಾಗೋದು ನೀನೇ! ಎಂಥ ಕರ್ಮ ನೋಡು!”

ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

“ನಾನು ದೂರ ಹೋಗ್ಲಾ?” ಎಂದು ಕೇಳಿದಳು. “ಹೇಳು. ಹೋಗ್ತೀನಿ.”

“ಹೋಗು ಅಂತ ಹೇಳೋಕೆ ಎಷ್ಟು ಸಲ ಬಾಯಿ ತೆರೆದೆ ಗೊತ್ತಾ? ಬರಲ್ಲ.” ಅವನು ಕೊನೆಗೂ ಮುಖ ಎತ್ತಿದ. “ಪ್ರೀತಿ ಸತ್ತಿದ್ರೆ ಸುಲಭ ಆಗ್ತಿತ್ತು. ಅದೂ ಸಾಯ್ಲಿಲ್ಲ.”

ಬೀದಿಯಲ್ಲಿ ಬಸ್ಸೊಂದು ಹಾದುಹೋಯಿತು. ಗೋಡೆಯ ಕನ್ನಡಕಗಳೆಲ್ಲ ಸಣ್ಣಗೆ ಕಿಣಿಗುಟ್ಟಿದವು.

“ನನಗೂ ಅಷ್ಟೇ” ಅಂದಳು ಮರಿ. “ನಿನ್ನ ಹತ್ರ ಇನ್ನೊಂದು ಸುಳ್ಳು ಹೇಳಲ್ಲ. ಅದು ಬಿಟ್ರೆ ಕೊಡೋಕೆ ನನ್ನ ಹತ್ರ ಏನೂ ಇಲ್ಲ.”

ಅವನು ಮೇಜಿನ ಆಚೆಯಿಂದ ಎದ್ದು ಬಂದು, ಅವಳೆದುರು ನಿಂತ. ಮುಟ್ಟಲಿಲ್ಲ.

“ಕೆಲವು ದಿನ ನಿನ್ನ ನೋಡಿದ್ರೆ ಆ ಫೋನೇ ನೆನಪಾಗತ್ತೆ. ಆ ದಿನ ನಾನು ಮಾತಾಡಲ್ಲ.”

“ಆಯ್ತು.”

“ಮುಖ ತಿರುಗಿಸ್ಕೊಂಡು ಕೂರ್ತೀನಿ. ಊಟಕ್ಕೂ ಏಳಲ್ಲ.”

“ಕೂರು.”

“ನೀನು ಎದ್ದು ಹೋಗ್ಬಾರದು ಆಗ.”

ಅವಳು ತಲೆಯಾಡಿಸಿದಳು.

“ಪಕ್ಕದಲ್ಲೇ ಇರ್ತೀನಿ. ನೀನು ತಿರುಗೋವರೆಗೂ.”

“ಬಹಳ ಹೊತ್ತಾಗ್ಬಹುದು ಮರಿ...”

“ಆಗ್ಲಿ.”